ಔಷಧಕ್ಕೆ ಹೊರಟ ಫೀನಿಕ್ಸ್ ಅಜ್ಜಿ

ಕಥೆಗಳಲ್ಲಿ ಬರುವ ಅಜ್ಜಿಯರು ಹೆಚ್ಚಾಗಿ ಕೂತೇ ಇರುತ್ತಾರೆ. ಜಗುಲಿಯ ಮೇಲೋ ಒಲೆಯ ಮುಂದೋ ದೇವರ ಕೋಣೆಯಲ್ಲೋ ಕೂತು ಮೊಮ್ಮಕ್ಕಳಿಗೆ ಕಥೆ ಹೇಳುವುದು, ಸೊಸೆಯಂದಿರಿಗೆ ಬುದ್ಧಿ ಹೇಳುವುದು ಅವರ ಪಾಲಿನ ಕೆಲಸ. ನಡೆಯುವ, ಬೀಳುವ, ಸುಳ್ಳು ಹೇಳಿ ಪಾರಾಗುವ ಕೆಲಸಗಳನ್ನೆಲ್ಲ ಲೇಖಕರು ಪ್ರಾಯದವರಿಗೆ ಮೀಸಲಿಟ್ಟಿರುತ್ತಾರೆ. ಅಮೆರಿಕದ ಲೇಖಕಿ ಯೂಡೋರಾ ವೆಲ್ಟಿ ಬರೆದ ‘ಎ ವೋರ್ನ್ ಪಾತ್’ ಎಂಬ ಸಣ್ಣಕಥೆ ನನಗೆ ಇಷ್ಟವಾಗುವುದಕ್ಕೆ ಮೊದಲ ಕಾರಣ, ಅದರಲ್ಲಿ ಈ ಕೆಲಸಗಳೆಲ್ಲವನ್ನೂ ಮಾಡುವವಳು ಒಬ್ಬ ಅಜ್ಜಿಯೇ ಆಗಿರುವುದು. ಸವೆದ ಹಾದಿ ಎಂಬ ಅರ್ಥದ ಆ ಶೀರ್ಷಿಕೆಗೆ ತಕ್ಕಂತೆ, ಕಥೆ ಆರಂಭವಾಗುವಾಗ ನಡೆಯುತ್ತಿರುವ ಆಕೆ ಕಥೆ ಮುಗಿಯುವಾಗಲೂ ನಡೆಯುತ್ತಲೇ ಇರುತ್ತಾಳೆ.

ಕಥೆ ಮೊದಲು ಪ್ರಕಟವಾದದ್ದು 1941ರ ಫೆಬ್ರವರಿಯಲ್ಲಿ, ‘ಅಟ್ಲಾಂಟಿಕ್ ಮಂತ್ಲಿ’ ಪತ್ರಿಕೆಯಲ್ಲಿ. ಅದೇ ವರ್ಷ ವೆಲ್ಟಿಯವರ ಮೊದಲ ಕಥಾಸಂಕಲನ ‘ಎ ಕರ್ಟನ್ ಆಫ್ ಗ್ರೀನ್’ನಲ್ಲೂ ಅದು ಸೇರಿತು. 1909ರಲ್ಲಿ ಮಿಸಿಸಿಪ್ಪಿ ರಾಜ್ಯದ ರಾಜಧಾನಿ ಜಾಕ್ಸನ್ ನಗರದಲ್ಲಿ ಹುಟ್ಟಿದ ವೆಲ್ಟಿ, 1930ರ ದಶಕದ ಆರ್ಥಿಕ ಕುಸಿತದ ದಿನಗಳಲ್ಲಿ ಸರ್ಕಾರದ ಪರಿಹಾರ ಕಾಮಗಾರಿಗಳ ಪ್ರಚಾರದ ನೌಕರಿಗಾಗಿ ಆ ರಾಜ್ಯದ ಹಳ್ಳಿಗಾಡನ್ನು ಸುತ್ತಿದವರು, ಸುತ್ತುವಾಗ ಕ್ಯಾಮೆರಾ ಹಿಡಿದು ಬಡ ಜನರ, ಅದರಲ್ಲೂ ಕಪ್ಪು ಜನರ, ಫೋಟೋಗಳನ್ನು ತೆಗೆದವರು. ಈ ಕಥೆ ಹುಟ್ಟಿದ್ದು ಹೇಗೆಂದು ಅವರೇ ಮುಂದೆ ಹೇಳಿದ್ದಾರೆ: ಚಳಿಗಾಲದ ಬಯಲಿನಲ್ಲಿ, ಸ್ವಲ್ಪ ದೂರದಲ್ಲಿ, ಒಬ್ಬಳೇ ಮುದುಕಿ ನಿಧಾನವಾಗಿ ಹಾದುಹೋದದ್ದನ್ನು ಅವರು ಕಂಡಿದ್ದರು, ಆಕೆ ಎಲ್ಲಿಗೆ ಹೊರಟಿದ್ದಿರಬಹುದು ಎಂಬ ಯೋಚನೆಗೆ ಕಥೆ ಉತ್ತರವಾಗಿ ಬಂತು.

ಕಥೆಯೊಳಗಿನ ಮುದುಕಿಯ ಹೆಸರು ಫೀನಿಕ್ಸ್ ಜಾಕ್ಸನ್. ಡಿಸೆಂಬರ್ ತಿಂಗಳ ಹೆಪ್ಪುಗಟ್ಟಿದ ಮುಂಜಾನೆ, ತಲೆಗೆ ಕೆಂಪು ಬಟ್ಟೆ ಕಟ್ಟಿಕೊಂಡು, ಸಕ್ಕರೆ ಮೂಟೆಯ ಬಟ್ಟೆಯನ್ನು ಬಿಳುಪು ಮಾಡಿ ಹೊಲಿದ ಏಪ್ರನ್ ತೊಟ್ಟು, ಹಳೆಯ ಕೊಡೆಯ ಕಡ್ಡಿಯಿಂದ ಮಾಡಿದ ಊರುಗೋಲು ಊರುತ್ತ ಆಕೆ ಪೈನ್ ಮರಗಳ ನಡುವೆ ಹೊರಟಿದ್ದಾಳೆ. ಬೂಟಿನ ಲೇಸು ಬಿಚ್ಚಿಕೊಂಡಿದೆ. ಬಗ್ಗಿ ಕಟ್ಟಲು ಆಗುವುದಿಲ್ಲ. ಕಣ್ಣು ಮಂಜಾಗಿರುವುದರಿಂದ ಎದುರಿಗಿರುವುದು ಪೊದೆಯೋ ಮುಳ್ಳೋ ತಿಳಿಯುವುದಿಲ್ಲ. ಎಲ್ಲಿಗೆ, ಏಕೆ ಎಂಬುದನ್ನು ವೆಲ್ಟಿ ಹೇಳುವುದಿಲ್ಲ. ಕಥೆಯ ಮುಕ್ಕಾಲು ಪಾಲು ನಾವು ಆ ಕಾರಣವನ್ನು ತಿಳಿಯದೆಯೇ ಆಕೆಯ ಹಿಂದೆ ನಡೆಯುತ್ತೇವೆ, ಮತ್ತು ಈ ಮುಚ್ಚುಮರೆ ಬರಿಯ ಕುತೂಹಲ ಕೆರಳಿಸುವ ತಂತ್ರವಲ್ಲವೆಂದು ಕಥೆಯ ಕೊನೆಗೆ ಬಂದಾಗ ತಿಳಿಯುತ್ತದೆ.

ದಾರಿಯ ವಿವರಗಳನ್ನು ವೆಲ್ಟಿ ಅವಸರವಿಲ್ಲದೆ ಕೊಡುತ್ತಾರೆ. ಗುಡ್ಡ ಹತ್ತಬೇಕು, ಇಳಿಯಬೇಕು. ಮುಳ್ಳಿನ ಗಿಡ ಲಂಗಕ್ಕೆ ಸಿಕ್ಕಿಕೊಂಡಾಗ ಅಜ್ಜಿ ಎಳೆದು ಹರಿಯುವುದಿಲ್ಲ, ಹರಿಯುವಷ್ಟು ಬಟ್ಟೆ ಆಕೆಯ ಬಳಿ ಇಲ್ಲ. ಒಂದು ಕಡೆ ಬಿಡಿಸುವಷ್ಟರಲ್ಲಿ ಇನ್ನೊಂದು ಕಡೆ ಸಿಕ್ಕಿಕೊಳ್ಳುವ ಸೆರಗನ್ನು ಬೆರಳುಗಳಿಂದ ಒಂದೊಂದೇ ಬಿಡಿಸಿಕೊಳ್ಳುತ್ತ, ತಡೆಯುವುದು ನಿನಗೆ ವಹಿಸಿದ ಕೆಲಸ, ನೀನು ಮಾಡುತ್ತಿದ್ದೀಯ ಎಂದು ಮುಳ್ಳಿಗೇ ಸಮಾಧಾನ ಹೇಳುತ್ತಾಳೆ. ತೊರೆಗೆ ಅಡ್ಡ ಹಾಕಿದ ಮರದ ದಿಮ್ಮಿಯನ್ನು ಕಣ್ಣು ಮುಚ್ಚಿಕೊಂಡು ದಾಟುತ್ತಾಳೆ, ದಾಟಿದ ಮೇಲೆ ತಾನು ಅಂದುಕೊಂಡಷ್ಟು ಮುದುಕಿಯಲ್ಲವೆಂದು ತನಗೆ ತಾನೇ ಶಭಾಷ್ ಹೇಳಿಕೊಳ್ಳುತ್ತಾಳೆ. ದಣಿವಾರಿಸಿಕೊಳ್ಳಲು ಕೂತಾಗ ಪುಟ್ಟ ಹುಡುಗನೊಬ್ಬ ತಟ್ಟೆಯಲ್ಲಿ ಕೇಕಿನ ತುಂಡು ತಂದುಕೊಟ್ಟಂತೆ ಕಾಣುತ್ತದೆ. ಕೈ ಚಾಚಿದರೆ ಗಾಳಿ. ಮುಳ್ಳುತಂತಿಯ ಬೇಲಿಯ ಅಡಿಯಲ್ಲಿ ಮಗುವಿನ ಹಾಗೆ ಅಂಬೆಗಾಲಿಟ್ಟು ತೂರುತ್ತಾಳೆ. ಒಣಗಿದ ಜೋಳದ ಹೊಲದಲ್ಲಿ ಬೆದರುಗೊಂಬೆಯನ್ನು ಕಂಡು ದೆವ್ವವೆಂದು ಹೆದರಿ, ಮುಟ್ಟಿ ನೋಡಿ ಒಳಗೆ ಏನೂ ಇಲ್ಲವೆಂದು ತಿಳಿದ ಮೇಲೆ ನಕ್ಕು, ಅದರ ಜೊತೆ ಎರಡು ಹೆಜ್ಜೆ ಕುಣಿಯುತ್ತಾಳೆ. ನನಗೆ ಈ ಕುಣಿತ ಬಹಳ ಮುಖ್ಯವೆನಿಸುತ್ತದೆ. ಕಷ್ಟ ಸಹಿಸುವ ಮುದುಕಿಯರನ್ನು ಚಿತ್ರಿಸುವಾಗ ಲೇಖಕರು ಮೊದಲು ಕಿತ್ತುಕೊಳ್ಳುವುದು ಅವರ ನಗುವನ್ನು. ಫೀನಿಕ್ಸ್ ಅಜ್ಜಿಗೆ ತನ್ನ ಪಾಡಿನ ಬಗ್ಗೆ ತಮಾಷೆ ಮಾಡುವಷ್ಟು ಉಸಿರು ಯಾವಾಗಲೂ ಉಳಿದಿರುತ್ತದೆ.

ಆಕೆ ಹೋಗುತ್ತಿರುವ ಊರು ನ್ಯಾಚೆಜ್, ಮಿಸಿಸಿಪ್ಪಿ ನದಿಯ ದಂಡೆಯ ಹಳೆಯ ಪಟ್ಟಣ. ಆಕೆಯ ಮನೆ ಇರುವುದು ನ್ಯಾಚೆಜ್ ಟ್ರೇಸ್ ಎಂಬ ಪುರಾತನ ಹಾದಿಯ ಆಚೆ, ಬಹಳ ಒಳಗೆ. ಈ ಹೆಸರುಗಳನ್ನು ಅಮೆರಿಕದ ಓದುಗರು ಸುಮ್ಮನೆ ದಾಟಿಹೋಗುವುದಿಲ್ಲ, ನಾವೂ ದಾಟಿಹೋಗಬಾರದು. ನ್ಯಾಚೆಜ್‌ನಿಂದ ಟೆನೆಸ್ಸೀ ರಾಜ್ಯದ ನ್ಯಾಶ್‌ವಿಲ್‌ವರೆಗೆ ಸುಮಾರು 700 ಕಿಲೋಮೀಟರ್ ಉದ್ದಕ್ಕೆ ಹರಡಿದ ಈ ಹಾದಿಯನ್ನು ಚಾಕ್ಟಾ, ಚಿಕಸಾ ಮೊದಲಾದ ಮೂಲನಿವಾಸಿಗಳು ತುಳಿದು ಮಾಡಿದ್ದರು. ಆಮೇಲೆ ದೋಣಿಗಳಲ್ಲಿ ಸರಕು ತಂದು ಮಾರಿ ಕಾಲ್ನಡಿಗೆಯಲ್ಲಿ ಊರಿಗೆ ಮರಳುತ್ತಿದ್ದ ವ್ಯಾಪಾರಿಗಳು ಅದನ್ನು ತುಳಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ವರ್ಜೀನಿಯಾ ಕಡೆಯಿಂದ ಗುಲಾಮರನ್ನು ಸಂಕೋಲೆ ಹಾಕಿ ಇದೇ ಹಾದಿಯಲ್ಲಿ ನಡೆಸಿ ತಂದು ನ್ಯಾಚೆಜ್‌ನ ಹೊರವಲಯದ ಸಂತೆಯಲ್ಲಿ ಮಾರುತ್ತಿದ್ದರು. ಫೋರ್ಕ್ಸ್ ಆಫ್ ದ ರೋಡ್ ಎಂಬ ಆ ಜಾಗ ದಕ್ಷಿಣದ ಅತಿ ದೊಡ್ಡ ಗುಲಾಮರ ಸಂತೆಗಳಲ್ಲಿ ಒಂದಾಗಿತ್ತು. ಕಥೆಯಲ್ಲಿ ಸಂತೆಯ ಮಾತೇ ಬರುವುದಿಲ್ಲ. ಆದರೆ ಶಾಲೆಗೆ ಹೋಗಲಿಲ್ಲವೇಕೆ ಎಂಬುದಕ್ಕೆ ಅಜ್ಜಿ ಕೊಡುವ ಒಂದು ಸಾಲಿನ ವಿವರಣೆ ಎಲ್ಲವನ್ನೂ ಹೇಳಿಬಿಡುತ್ತದೆ: ಶರಣಾಗತಿಯ ಹೊತ್ತಿಗೆ ತನಗೆ ಶಾಲೆಗೆ ಸೇರುವ ವಯಸ್ಸು ಮೀರಿತ್ತು ಎನ್ನುತ್ತಾಳೆ. ಆಕೆ ಹೇಳುವ ಶರಣಾಗತಿ ಎಂದರೆ 1865ರಲ್ಲಿ ಅಂತರ್ಯುದ್ಧದ ಕೊನೆಗೆ ದಕ್ಷಿಣದ ಸೇನೆಗಳು ಸೋತು ಶರಣಾದದ್ದು. ಅದಕ್ಕೆ ಮೊದಲು ದಕ್ಷಿಣದ ಅನೇಕ ರಾಜ್ಯಗಳಲ್ಲಿ ಗುಲಾಮರಿಗೆ ಓದು ಕಲಿಸುವುದನ್ನು ಕಾನೂನೇ ತಡೆದಿತ್ತು. ಕಥೆ ಬರೆದ ಕಾಲದಲ್ಲೇ ನಡೆಯುತ್ತಿದೆ ಎಂದು ಇಟ್ಟುಕೊಂಡರೆ ಅಜ್ಜಿಗೆ ತೊಂಬತ್ತರ ಮೇಲೆ ವಯಸ್ಸು. ಬಾಲ್ಯವನ್ನು ಅವಳು ಗುಲಾಮಗಿರಿಯಲ್ಲೇ ಕಳೆದಿದ್ದಾಳೆ.

ಈ ಲೆಕ್ಕ ತಲೆಯಲ್ಲಿದ್ದರೆ ಬೇಟೆಗಾರನ ಪ್ರಸಂಗ ಬೇರೆ ಬಗೆಯಲ್ಲಿ ಓದಿಸಿಕೊಳ್ಳುತ್ತದೆ. ಕರಿಯ ನಾಯಿಯೊಂದು ಎದುರಾಗಿ, ಅದನ್ನು ಬೆದರಿಸಲು ಹೋದ ಅಜ್ಜಿ ಆಯ ತಪ್ಪಿ ಚರಂಡಿಗೆ ಬೀಳುತ್ತಾಳೆ. ಬಂದೂಕು ಹಿಡಿದ ಬಿಳಿಯ ಯುವಕನೊಬ್ಬ ಬಂದು ಆಕೆಯನ್ನು ಎತ್ತಿ ನಿಲ್ಲಿಸುತ್ತಾನೆ. ಅವನ ಚೀಲದಲ್ಲಿ ಕಾಡುಹಕ್ಕಿಗಳು ತಲೆ ಕೆಳಗಾಗಿ ತೂಗುತ್ತಿವೆ. ಬೆಳಿಗ್ಗೆ ಅಜ್ಜಿ ತನ್ನ ಕಾಲಡಿ ಸಿಗಬೇಡಿ, ದೂರ ಹೋಗಿ ಎಂದು ಎಚ್ಚರಿಸಿದ ಜಾತಿಯವೇ ಅವು. ಪಟ್ಟಣಕ್ಕೆ ಹೊರಟಿದ್ದೇನೆ ಎಂದಾಗ ಅವನು, ತಾನೂ ಅಷ್ಟು ದೂರ ನಡೆಯುವುದುಂಟು, ಆದರೆ ತನ್ನ ಶ್ರಮಕ್ಕೆ ಏನಾದರೂ ಸಿಗುತ್ತದೆ ಎಂದು ಚೀಲ ತಟ್ಟಿ ತೋರಿಸುತ್ತಾನೆ. ನಿಮ್ಮ ಜನ ಕ್ರಿಸ್‌ಮಸ್ ತಾತನನ್ನು ನೋಡುವುದಕ್ಕೆ ಎಷ್ಟು ದೂರವಾದರೂ ಹೋಗುವವರು ಎಂದು ಗೇಲಿ ಮಾಡುತ್ತಾನೆ. ಅಜ್ಜಿ ಜಗಳಕ್ಕೆ ನಿಲ್ಲುವುದಿಲ್ಲ. ಅವನ ಜೇಬಿನಿಂದ ಐದು ಸೆಂಟಿನ ನಾಣ್ಯವೊಂದು ಜಾರಿ ನೆಲಕ್ಕೆ ಬಿದ್ದದ್ದನ್ನು ನೋಡಿದ್ದಾಳೆ. ಆ ಕರಿಯ ನಾಯಿ ಯಾರಿಗೂ ಹೆದರುವುದಲ್ಲ ಎಂದು ಹೊಗಳಿ ಅವನನ್ನು ಕೆಣಕಿ, ಅವನು ತನ್ನ ನಾಯಿಯನ್ನು ಅದರ ಮೇಲೆ ಛೂ ಬಿಟ್ಟು ಅತ್ತ ಓಡುತ್ತಲೇ, ಮೆಲ್ಲಗೆ, ಬಹಳ ಮೆಲ್ಲಗೆ ಬಗ್ಗಿ ನಾಣ್ಯವನ್ನೆತ್ತಿ ಏಪ್ರನ್ನಿನ ಜೇಬಿಗೆ ಹಾಕಿಕೊಳ್ಳುತ್ತಾಳೆ. ಬೂಟಿನ ಲೇಸು ಕಟ್ಟಲು ಬಗ್ಗದ ಬೆನ್ನು ಇಲ್ಲಿ ಬಗ್ಗುತ್ತದೆ. ಅಷ್ಟರಲ್ಲಿ ಹಕ್ಕಿಯೊಂದು ಹಾರಿಹೋದಾಗ, ದೇವರು ಇಷ್ಟು ಹೊತ್ತೂ ನೋಡುತ್ತಲೇ ಇದ್ದ, ಕಳ್ಳತನಕ್ಕೆ ಇಳಿದೆನಲ್ಲ ಎಂದು ಹೇಳಿಕೊಳ್ಳುತ್ತಾಳೆ. ಹಾಗೆಂದು ನಾಣ್ಯವನ್ನು ವಾಪಸು ಇಡುವುದಿಲ್ಲ.

ಮರಳಿ ಬಂದ ಯುವಕ ನಗುತ್ತ ಬಂದೂಕನ್ನು ಆಕೆಯತ್ತ ಗುರಿ ಹಿಡಿದು ಹೆದರಿಕೆಯಾಗುವುದಿಲ್ಲವೇ ಎಂದು ಕೇಳುತ್ತಾನೆ. ಇದಕ್ಕಿಂತ ಹತ್ತಿರದಲ್ಲಿ, ಈಗ ಮಾಡಿದ್ದಕ್ಕಿಂತ ಸಣ್ಣ ತಪ್ಪಿಗೆ ಗುಂಡು ಹಾರಿದ್ದನ್ನು ಬೇಕಾದಷ್ಟು ಕಂಡಿದ್ದೇನೆ ಎಂಬ ಅರ್ಥದಲ್ಲಿ ಅಜ್ಜಿ ಉತ್ತರಿಸುತ್ತಾಳೆ. ನಾಣ್ಯ ಹೋದದ್ದು ಅವನಿಗೆ ಗೊತ್ತಿಲ್ಲವಾದ್ದರಿಂದ ಆ ಉತ್ತರದ ಅರ್ಧ ಅವನಿಗೆ ಮುಟ್ಟುವುದೇ ಇಲ್ಲ. ದುಡ್ಡಿದ್ದಿದ್ದರೆ ಹತ್ತು ಸೆಂಟ್ ಕೊಡುತ್ತಿದ್ದೆ, ನನ್ನ ಬಳಿ ಇಲ್ಲ ಎಂದು ಅವನು ಹೇಳುತ್ತಾನೆ, ಮತ್ತು ಮನೆಯಲ್ಲಿದ್ದರೆ ನಿನಗೇನೂ ಆಗುವುದಿಲ್ಲ ಎಂದು ಉಪದೇಶಿಸುತ್ತಾನೆ. ಹೋಗಲೇಬೇಕು, ಹೊತ್ತು ಬಂದಿದೆ ಎಂಬುದಷ್ಟೇ ಆಕೆ ಅವನಿಗೆ ಕೊಟ್ಟಿದ್ದ ಕಾರಣ.

ಹೊತ್ತು ಬಂದಿದೆ ಎಂಬ ಈ ಮಾತನ್ನು ನಮ್ಮ ಕಡೆಯ ಓದುಗರು ವ್ರತವೆಂದೋ ಹರಕೆಯೆಂದೋ ಸುಲಭವಾಗಿ ಓದಿಬಿಡಬಹುದು. ಯುಗಾದಿಗೆ ಮುನ್ನ ಉತ್ತರ ಕರ್ನಾಟಕದ ಹಳ್ಳಿಗಳಿಂದ ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಸಾವಿರಾರು ಭಕ್ತರಲ್ಲಿ ಆಕೆಯ ವಯಸ್ಸಿನ ಸಮೀಪದವರೂ ಇರುತ್ತಾರೆ. ಆದರೆ ಅವರ ಜೊತೆಗೆ ಊರಿಗೆ ಊರೇ ಇರುತ್ತದೆ, ದಾರಿಯುದ್ದಕ್ಕೂ ದಾಸೋಹವಿರುತ್ತದೆ, ತಲುಪಿದ ಮೇಲೆ ಮಲ್ಲಿಕಾರ್ಜುನನ ದರ್ಶನವಾಗಿ ಯಾತ್ರೆ ಸಂಪನ್ನವಾಗುತ್ತದೆ. ಫೀನಿಕ್ಸ್ ಅಜ್ಜಿಯ ನಡಿಗೆಗೆ ಸಂಪನ್ನವಾಗುವುದೆಂಬುದೇ ಇಲ್ಲ. ಇಂದು ತಲುಪಿದರೆ ಇನ್ನೊಂದು ಸಲ ಹೋಗಬೇಕಾದ ದಿನ ಮತ್ತೆ ಬರುತ್ತದೆ.

ಪಟ್ಟಣಕ್ಕೆ ಬಂದ ಮೇಲೆ ಆಕೆ ಮಾಡುವ ಮೊದಲ ಕೆಲಸ, ಕ್ರಿಸ್‌ಮಸ್ ಖರೀದಿ ಮುಗಿಸಿ ಕೈತುಂಬ ಪೊಟ್ಟಣಗಳನ್ನು ಹಿಡಿದು ಹೋಗುತ್ತಿದ್ದ ಹೆಂಗಸೊಬ್ಬಳನ್ನು ನಿಲ್ಲಿಸಿ ಬೂಟಿನ ಲೇಸು ಕಟ್ಟಿಕೊಡೆಂದು ಕೇಳುವುದು. ಹಳ್ಳಿಯಲ್ಲಿ ಹೇಗಿದ್ದರೂ ನಡೆಯುತ್ತದೆ, ದೊಡ್ಡ ಕಟ್ಟಡದೊಳಗೆ ಹೋಗುವಾಗ ಹಾಗೆ ಹೋಗಬಾರದು ಎಂಬುದು ಆಕೆಯ ಎಣಿಕೆ. ವರ್ಣಭೇದದ ಕಾನೂನುಗಳು ಜಾರಿಯಲ್ಲಿದ್ದ ಪಟ್ಟಣದಲ್ಲಿ, ಬಡ ಕಪ್ಪು ಮುದುಕಿಯೊಬ್ಬಳು ಅಪರಿಚಿತ ಹೆಂಗಸನ್ನು ಹೀಗೆ ಕೇಳಿದ್ದು ದಿಮ್ಮಿಯ ಮೇಲಿನ ನಡಿಗೆಗಿಂತ ಸಣ್ಣ ಸಾಹಸವಲ್ಲ. ಕೇಳಿದ್ದು ಸಿಕ್ಕಿತು. ಮೆಟ್ಟಿಲುಗಳನ್ನು ಹತ್ತಿ, ಕಾಲುಗಳು ನಿಲ್ಲೆಂದ ಕಡೆ ನಿಂತು, ಆಕೆ ಧರ್ಮಾರ್ಥ ವೈದ್ಯಕೀಯ ಕಚೇರಿಯೊಳಗೆ ಬರುತ್ತಾಳೆ. ಮೇಜಿನ ಹಿಂದಿದ್ದ ನೌಕರಳು ನೋಡಿದ ಕೂಡಲೇ ಇದು ಧರ್ಮಾರ್ಥದ ಕೇಸಿರಬೇಕೆಂದು ತೀರ್ಮಾನಿಸಿ, ಹೆಸರೇನು, ಕಾಯಿಲೆಯೇನು, ಕಿವುಡಿಯೇ ಎಂದು ಒಂದರ ಮೇಲೊಂದು ಪ್ರಶ್ನೆ ಹಾಕುತ್ತಾಳೆ. ಅಜ್ಜಿ ಮಾತಾಡುವುದಿಲ್ಲ. ಪರಿಚಯದ ನರ್ಸ್ ಬಂದು, ಇವಳು ತನಗಾಗಿ ಬರುವವಳಲ್ಲ, ಮೊಮ್ಮಗನಿಗಾಗಿ ಬರುವವಳು, ಗಡಿಯಾರದ ಹಾಗೆ ತಪ್ಪದೆ ಬರುತ್ತಾಳೆ ಎಂದು ಹೇಳಿದ ಮೇಲೆಯೇ ಓದುಗರಿಗೆ ವಿಷಯ ತಿಳಿಯುವುದು. ಆಗಲೂ ಅಜ್ಜಿ ಸುಮ್ಮನೆ, ನೆಟ್ಟಗೆ ಕುರ್ಚಿಯಲ್ಲಿ ಕೂತಿರುತ್ತಾಳೆ. ಹುಡುಗನ ಗಂಟಲು ಹೇಗಿದೆ, ಸತ್ತುಗಿತ್ತು ಹೋಗಿಲ್ಲವಷ್ಟೆ ಎಂದು ನರ್ಸ್ ಬೇಸರದಿಂದ ಕೇಳಿದ ಮೇಲೆ ಒಮ್ಮೆಗೇ ಎಚ್ಚೆತ್ತವಳಂತೆ, ನೆನಪು ಕೈಕೊಟ್ಟಿತ್ತು, ಇಷ್ಟು ದೂರ ಏಕೆ ಬಂದೆನೆಂಬುದೇ ಮರೆತುಹೋಗಿತ್ತು ಎನ್ನುತ್ತಾಳೆ.

ಮೊದಲ ಓದಿನಲ್ಲಿ ಈ ಮರೆವು ವಿಚಿತ್ರವೆನಿಸುತ್ತದೆ, ಎದೆ ಧಸಕ್ಕೆನ್ನುತ್ತದೆ ಕೂಡ. ಯಾರಿಗಾಗಿ ಮುಳ್ಳು, ತೊರೆ, ನಾಯಿ, ಬಂದೂಕುಗಳನ್ನು ದಾಟಿ ಬಂದಳೋ ಅವನನ್ನೇ ಮರೆತಳೆಂದರೆ ಇದೆಂಥ ಪ್ರೀತಿ? ಆದರೆ ಕಥೆಯನ್ನು ಎತ್ತಿ ನಿಲ್ಲಿಸಿರುವ ಜಾಗ ಇದೇ ಎಂದು ನನ್ನ ನಂಬಿಕೆ. ತೊಂಬತ್ತು ದಾಟಿದ ತಲೆಯಲ್ಲಿ ಏನು ಉಳಿಯುತ್ತದೆ, ಏನು ಜಾರುತ್ತದೆ ಎಂಬುದು ಅವಳ ಕೈಯಲ್ಲಿಲ್ಲ. ನೆನಪು ಬಿಟ್ಟುಹೋದ ಗಳಿಗೆಯಲ್ಲೂ ಕಾಲುಗಳು ತಿರುವುಗಳನ್ನು ತಪ್ಪಲಿಲ್ಲ, ಕಚೇರಿಯ ಮಹಡಿಯನ್ನು ತಪ್ಪಲಿಲ್ಲ. ವೆಲ್ಟಿಯವರೇ ಮುಂದೊಂದು ಪ್ರಬಂಧದಲ್ಲಿ ಇದನ್ನು ಪ್ರೀತಿಯ ಅಭ್ಯಾಸವೆಂದು ವಿವರಿಸಿದ್ದಾರೆ, ಮತ್ತು ಅದಕ್ಕಿಂತ ಒಳ್ಳೆಯ ವಿವರಣೆ ನನಗೂ ತೋಚುವುದಿಲ್ಲ. ನಾನು ಸೇರಿಸಬಹುದಾದದ್ದು ಇಷ್ಟೇ: ಓದುಗರಿಂದ ಕಾರಣವನ್ನು ಅಷ್ಟು ಹೊತ್ತು ಮುಚ್ಚಿಟ್ಟದ್ದರಿಂದ ನಾವೂ ಅಜ್ಜಿಯ ಸ್ಥಿತಿಯಲ್ಲೇ, ಏಕೆಂದು ತಿಳಿಯದೆ, ನಡೆದು ಬಂದಿರುತ್ತೇವೆ. ಮೊದಲ ಪುಟದಲ್ಲೇ ಕಾಯಿಲೆಯ ಮೊಮ್ಮಗನನ್ನು ತೋರಿಸಿಬಿಟ್ಟಿದ್ದರೆ ದಾರಿಯ ಪ್ರತಿ ಮುಳ್ಳಿಗೂ ನಾವು ಕಣ್ಣೀರು ಹಾಕುತ್ತಿದ್ದೆವು, ಬೆದರುಗೊಂಬೆಯ ಜೊತೆಗಿನ ಕುಣಿತವನ್ನು ನೋಡುತ್ತಲೇ ಇರಲಿಲ್ಲ.

ಮೊಮ್ಮಗನಿಗೆ ಆದದ್ದು ಆ ಕಾಲದ ಬಡ ಮನೆಗಳಲ್ಲಿ ಅಪರೂಪವಾಗಿದ್ದ ಅನಾಹುತವಲ್ಲ. ಎರಡು ಮೂರು ವರ್ಷಗಳ ಹಿಂದೆ ಅವನು ಲೈ ನುಂಗಿದ್ದ. ಸಾಬೂನು ತಯಾರಿಸಲು, ಚರಂಡಿ ತೊಳೆಯಲು ಬಳಸುವ ಕಾಸ್ಟಿಕ್ ಸೋಡಾದಂಥ ತೀಕ್ಷ್ಣ ಕ್ಷಾರ ಅದು. ನೋಡಲು ಸಕ್ಕರೆಯಂತೆ ಬೆಳ್ಳಗಿದ್ದು ಅಡುಗೆಮನೆಯ ಡಬ್ಬಗಳ ನಡುವೆಯೇ ಇರುತ್ತಿತ್ತು. ನುಂಗಿದ ಮಗು ಬದುಕಿದರೂ ಅನ್ನನಾಳದ ಒಳಗೋಡೆ ಸುಟ್ಟು, ಗಾಯ ಮಾಯುವಾಗ ಕಟ್ಟುವ ಗಡಸು ಕಲೆಯಿಂದಾಗಿ ನಾಳ ಕಿರಿದಾಗುತ್ತ ಹೋಗುತ್ತದೆ, ಕೊನೆಗೆ ನೀರನ್ನೂ ನುಂಗಲಾಗದ ಸ್ಥಿತಿ ಬರಬಹುದು. ಫಿಲಡೆಲ್ಫಿಯಾದ ಗಂಟಲು ತಜ್ಞ ಶೆವಾಲಿಯೇ ಜಾಕ್ಸನ್ ಇಂಥ ಮಕ್ಕಳನ್ನು ಕಂಡು ಕಂಡು ರೋಸಿಹೋಗಿ, ಡಬ್ಬಗಳ ಮೇಲೆ ವಿಷವೆಂಬ ಎಚ್ಚರಿಕೆ ಅಚ್ಚುಹಾಕಬೇಕೆಂದು ವರ್ಷಗಟ್ಟಲೆ ಹೋರಾಡಿದ್ದರಿಂದ 1927ರಲ್ಲಿ ಅಮೆರಿಕದಲ್ಲಿ ಕಾಸ್ಟಿಕ್ ವಿಷಗಳ ಕಾನೂನು ಬಂತು. ಓದು ಬಾರದ ಮನೆಯಲ್ಲಿ ಆ ಎಚ್ಚರಿಕೆಯಿಂದ ಎಷ್ಟು ಉಪಯೋಗವಾಗುತ್ತಿತ್ತೆಂಬುದು ಬೇರೆ ಮಾತು. ಕಿರಿದಾದ ಅನ್ನನಾಳವನ್ನು ಸಲಾಕೆಗಳಿಂದ ಸ್ವಲ್ಪ ಸ್ವಲ್ಪವೇ ಹಿಗ್ಗಿಸುವ ಚಿಕಿತ್ಸೆ ಆಗಲೂ ಇತ್ತು, ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಕಥೆಯಲ್ಲಿ ಅದರ ಪ್ರಸ್ತಾಪವಿಲ್ಲ. ಹುಡುಗನ ಗಂಟಲು ಆಗಾಗ ಮುಚ್ಚಿಕೊಳ್ಳುತ್ತದೆ, ಉಸಿರಾಡಲಾಗುವುದಿಲ್ಲ, ನುಂಗಲಾಗುವುದಿಲ್ಲ, ಆಗ ಅಜ್ಜಿ ಹೋಗಿ ಉರಿ ತಣಿಸುವ ಔಷಧ ತರುತ್ತಾಳೆ. ಗುಣಪಡಿಸುವ ಔಷಧವೆಂದು ಯಾರೂ ಹೇಳಿಲ್ಲ.

ಔಷಧದ ಬಾಟಲಿ ಕೈಗೆ ಬಂದ ಮೇಲೆ, ಹಬ್ಬದ ದಿನವೆಂದು ನೌಕರಳು ಕೆಲವು ಕಾಸು ಕೊಡಲೇ ಎಂದು ಕೇಳುತ್ತಾಳೆ. ಐದು ಸೆಂಟ್ ಸೇರಿದರೆ ಒಂದು ನಿಕಲ್ ಎಂದು ಅಜ್ಜಿ ಗಟ್ಟಿಯಾಗಿ ಉತ್ತರಿಸುತ್ತಾಳೆ. ಬೇಡುವ ದನಿ ಅದಲ್ಲ, ಚೌಕಾಸಿಯ ದನಿ. ಸಿಕ್ಕ ನಾಣ್ಯವನ್ನು ಕದ್ದ ನಾಣ್ಯದ ಪಕ್ಕದಲ್ಲಿ ಅಂಗೈಯಲ್ಲಿ ಇಟ್ಟುಕೊಂಡು ನೋಡಿ, ಈ ಹತ್ತು ಸೆಂಟಿಗೆ ಕಾಗದದ ಗಿರಿಗಿಟ್ಟಲೆ ಕೊಳ್ಳುತ್ತೇನೆ, ಲೋಕದಲ್ಲಿ ಇಂಥದ್ದೊಂದು ಇದೆಯೆಂದು ಹುಡುಗ ನಂಬಲಾರ, ಎತ್ತಿ ಹಿಡಿದುಕೊಂಡೇ ಅವನಿದ್ದಲ್ಲಿಗೆ ನಡೆದುಹೋಗುತ್ತೇನೆ ಎಂದು ಹೇಳಿ ಮೆಟ್ಟಿಲಿಳಿಯುತ್ತಾಳೆ. ತನ್ನ ಬೂಟಿಗಾಗಲಿ ಹೊಟ್ಟೆಗಾಗಲಿ ಒಂದು ಸೆಂಟನ್ನೂ ತೆಗೆದಿಡುವುದಿಲ್ಲ. ಕಳ್ಳತನದ ಹಣ, ದಾನದ ಹಣ ಎರಡನ್ನೂ ಬೆರೆಸಿ ಆಟಿಕೆ ಕೊಳ್ಳಹೊರಟ ಈ ಅಜ್ಜಿಯನ್ನು ಪಾಠ ಮಾಡುವವರು ಸಂತಳನ್ನಾಗಿ ಮಾಡಹೊರಟಾಗ ನನಗೆ ಸಿಟ್ಟು ಬರುತ್ತದೆ. ಬೂದಿಯಿಂದೇಳುವ ಹಕ್ಕಿಯ ಹೆಸರು ಇವಳಿಗಿದೆ, ಕಾಲ ಕ್ರಿಸ್‌ಮಸ್, ದಾರಿಯಲ್ಲಿ ಮುಳ್ಳು ಎಂದು ಸಂಕೇತಗಳನ್ನು ಎಣಿಸುವ ವಿಮರ್ಶೆಗಳೂ ಸಾಕಷ್ಟಿವೆ. ಎಣಿಸಲಿ, ತಪ್ಪೇನಿಲ್ಲ, ಬಂದೂಕಿನವನ ನಾಣ್ಯ ಎತ್ತಿಕೊಂಡ ಬೆರಳುಗಳನ್ನು ಮಾತ್ರ ಮರೆಯಬಾರದು. ಮುಳ್ಳಿನಿಂದ ಬಟ್ಟೆ ಬಿಡಿಸಿದವೂ ಅವೇ ಬೆರಳುಗಳು.

ಕಥೆ ಓದಿದ ವಿದ್ಯಾರ್ಥಿಗಳೂ ಅಧ್ಯಾಪಕರೂ ವೆಲ್ಟಿಯವರಿಗೆ ಬರೆಯುತ್ತಿದ್ದ ಪತ್ರಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಬರುತ್ತಿದ್ದ ಪ್ರಶ್ನೆ, ಮೊಮ್ಮಗ ನಿಜವಾಗಿ ಸತ್ತಿದ್ದಾನೆಯೇ ಎಂಬುದು. ಆಕೆಯ ಮರೆವು, ತಟ್ಟೆ ಹಿಡಿದ ಹುಡುಗನ ಭ್ರಮೆ, ನರ್ಸಿನ ಪ್ರಶ್ನೆಗೆ ತಡವಾಗಿ ಬಂದ ಉತ್ತರ ಇವನ್ನೆಲ್ಲ ಜೋಡಿಸಿ ಆ ಅನುಮಾನಕ್ಕೆ ಬಂದವರು ಅವರು. 1974ರಲ್ಲಿ ಇದೇ ಪ್ರಶ್ನೆಯನ್ನು ಶೀರ್ಷಿಕೆಯಾಗಿಟ್ಟು ಬರೆದ ಪ್ರಬಂಧದಲ್ಲಿ ವೆಲ್ಟಿ, ಕಥೆಯಲ್ಲಿ ಖಚಿತವಾಗಿ ಹೇಳಬಹುದಾದದ್ದು ಫೀನಿಕ್ಸ್ ಬದುಕಿದ್ದಾಳೆ ಎಂಬುದು ಎಂದು ಉತ್ತರಿಸಿ ಮುಗಿಸಿದರು. ಹುಡುಗ ಇಲ್ಲದಿದ್ದರೂ ಆಕೆಯ ನಡಿಗೆಗೆ ಅರ್ಥ ತಪ್ಪುವುದಿಲ್ಲ ಎಂಬುದು ಅವರ ನಿಲುವು.

ನನಗೆ ಕಾಡುವುದು ಆ ಪ್ರಶ್ನೆಯಲ್ಲ, ಕಚೇರಿಯಲ್ಲಿ ನರ್ಸ್ ಆಡುವ ಇನ್ನೊಂದು ಮಾತು. ನೀನು ಬಂದು ತೆಗೆದುಕೊಂಡು ಹೋಗುತ್ತಿರುವವರೆಗೆ ಔಷಧ ಕೊಡಬಹುದೆಂದು ಡಾಕ್ಟರು ಹೇಳಿದ್ದಾರೆ ಎಂದು ಆಕೆ ಸಹಜವಾಗಿ ಹೇಳುತ್ತಾಳೆ, ಇದು ಜಗ್ಗದ ಕೇಸು ಎಂದೂ ಸೇರಿಸುತ್ತಾಳೆ. ಕೆಟ್ಟವಳಲ್ಲ ಅವಳು, ದಾರಿಯ ದೂರ ಗೊತ್ತಿದೆ, ಕೂರಲು ಕುರ್ಚಿಯನ್ನೂ ತೋರಿಸಿದ್ದಾಳೆ. ಬಾಟಲಿ ಕೊಟ್ಟು ಪುಸ್ತಕದಲ್ಲಿ ಧರ್ಮಾರ್ಥವೆಂದು ಗುರುತು ಹಾಕುತ್ತಾಳೆ. ಹಾಗೆ ಬರೆದುಕೊಳ್ಳುವ ಕಚೇರಿಯ ಔದಾರ್ಯವೆಲ್ಲ, ತೊಂಬತ್ತು ದಾಟಿದ ಮುದುಕಿ ಊರುಗೋಲು ಊರಿಕೊಂಡು ಮುಂದಿನ ಸಲವೂ ಬಾಗಿಲಿಗೆ ಬರುತ್ತಾಳೆ ಎಂಬ ಒಂದೇ ಷರತ್ತಿನ ಮೇಲೆ ನಿಂತಿದೆ. ಆಕೆ ಬಾರದ ದಿನ ಔಷಧವನ್ನು ಯಾರು ತಲುಪಿಸಬೇಕೆಂದು ಡಾಕ್ಟರು ಹೇಳಿಲ್ಲ, ಪುಸ್ತಕದಲ್ಲಿ ಅದಕ್ಕೊಂದು ಕಾಲಮೂ ಇಲ್ಲ.